ಲಕ್ಕಪ್ಪನಹಳ್ಳಿಯಿಂದ ಪುಣೆಯ ಲಾ ಕಾಲೇಜಿಗೆ

ಸಾತನೂರು, ಕನಕಪುರದ ಕಡೆಯ ವಿದ್ಯಾರ್ಥಿಯೊಬ್ಬ ಇಂದು ವಕೀಲನಾಗಬಯಸಿದರೆ ಪಿಯುಸಿ ಮುಗಿಸಿ ಐದು ವರ್ಷಗಳ ಕಾನೂನು ಪದವಿಗೆ ಸೇರಬಹುದು. ಅದಕ್ಕೆ ಬೆಂಗಳೂರಿನ ಬಸ್ಸು ಹತ್ತಿದರೆ ಸಾಕು. 1930ರಲ್ಲಿ ಇದೇ ಸೀಮೆಯ ರೈತ ಕುಟುಂಬದ ಯುವಕರೊಬ್ಬರು ಅದೇ ಪದವಿಗಾಗಿ ಮೈಸೂರು ಸಂಸ್ಥಾನದ ಗಡಿಯನ್ನೇ ದಾಟಿದರು. ಅವರೇ ಕೆಂಗಲ್ ಹನುಮಂತಯ್ಯ.

ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಜನಿಸಿದ ಅವರು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1930ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲೇ ಸ್ಥಾಪನೆಯಾಗಿದ್ದರೂ ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ಆರಂಭವಾದದ್ದು 1948ರಲ್ಲಿ. ಹನುಮಂತಯ್ಯನವರು ಪುಣೆಯ ಲಾ ಕಾಲೇಜು ಸೇರಿ 1932ರಲ್ಲಿ ಪದವೀಧರರಾದರು.

ಆ ಎರಡು ವರ್ಷಗಳು ಸಾಮಾನ್ಯ ಕಾಲವಲ್ಲ. ಉಪ್ಪಿನ ಸತ್ಯಾಗ್ರಹದ ನಂತರ ಗಾಂಧೀಜಿಯವರನ್ನು ಸೆರೆಯಲ್ಲಿಟ್ಟದ್ದು ಪುಣೆಯ ಯರವಡಾ ಜೈಲಿನಲ್ಲಿಯೇ. ಬ್ರಿಟಿಷರ ಕಾನೂನನ್ನು ತರಗತಿಯಲ್ಲಿ ಕಲಿಯುತ್ತಿದ್ದವರಿಗೆ, ಅದೇ ಕಾನೂನು ಯಾರನ್ನು ಬಂಧಿಸುತ್ತದೆ ಎಂಬುದು ಅದೇ ಊರಿನಲ್ಲಿ ಕಾಣುತ್ತಿತ್ತು.

1933ರಲ್ಲಿ ವಕೀಲಿ ವೃತ್ತಿ ಆರಂಭಿಸಿದ ಅವರು ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಹಲವು ಬಾರಿ ಸೆರೆವಾಸ ಅನುಭವಿಸಿದರು. ಕಲಿತ ವಿದ್ಯೆ ಕೋರ್ಟಿಗಿಂತ ಹೆಚ್ಚಾಗಿ ಶಾಸನಸಭೆಗಳಲ್ಲಿ ಬಳಕೆಗೆ ಬಂತು. ಭಾರತದ ಸಂವಿಧಾನ ರಚನಾ ಸಭೆಯ ಸದಸ್ಯರಾಗಿ 1949ರಲ್ಲಿ ಮಾತನಾಡಿದಾಗ, ವೀಣೆಯ ನಾದ ಬಯಸಿದ್ದ ದೇಶಕ್ಕೆ ಇಂಗ್ಲಿಷ್ ಬ್ಯಾಂಡಿನ ಸದ್ದು ದೊರೆತಿದೆ ಎಂದು ಅವರು ವಿಷಾದಿಸಿದರು. ಸಂವಿಧಾನ ರೂಪಿಸಿದವರ ವಿದ್ಯಾಭ್ಯಾಸವೇ ಆ ಬಗೆಯದು ಎಂಬುದು ಅವರು ಕೊಟ್ಟ ಕಾರಣ. ತಾವೂ ಅದೇ ವಿದ್ಯೆಯಿಂದ ಬಂದವರಾದ್ದರಿಂದ ಆ ಟೀಕೆಗೆ ಆತ್ಮಪರೀಕ್ಷೆಯ ತೂಕವಿತ್ತು.

1952ರಲ್ಲಿ ಮುಖ್ಯಮಂತ್ರಿಯಾದ ಅವರು ವಿಧಾನಸೌಧವನ್ನು ಕಟ್ಟಿಸಿದರು. ಹಳೆ ಮೈಸೂರಿನ ಅನೇಕರ ವಿರೋಧವಿದ್ದರೂ ಏಕೀಕರಣದ ಪರ ನಿಂತರು. ಆದರೆ ಏಕೀಕೃತ ರಾಜ್ಯ ಉದಯಿಸುವ ಮೊದಲೇ, 1956ರ ಆಗಸ್ಟ್‌ನಲ್ಲಿ ಅಧಿಕಾರ ಕಳೆದುಕೊಂಡರು. ಮುಂದೆ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿ, ಕೇಂದ್ರ ರೈಲ್ವೆ ಸಚಿವರಾಗಿ ದುಡಿದು 1980ರ ಡಿಸೆಂಬರ್ 1ರಂದು ನಿಧನರಾದರು.

ಪುಣೆಯವರೆಗಿನ ದೂರ ಈಗ ಉಳಿದಿಲ್ಲ. ಆದರೆ ಹೈಕೋರ್ಟಿನ ಕಲಾಪ ಇಂದಿಗೂ ಪ್ರಧಾನವಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಹಳ್ಳಿಯ ಕನ್ನಡ ಶಾಲೆಯಿಂದ ಕಾನೂನು ತರಗತಿಗೆ ಬಂದು ಕೂರುವ ವಿದ್ಯಾರ್ಥಿಗೆ ಹನುಮಂತಯ್ಯನವರ ಆ ಟೀಕೆ ಹಳತೆನಿಸಲಾರದು.