ಕುಡಿತ ಬಿಟ್ಟರೂ ಬಿಡದ ಕತ್ತಲೆ: ಬಿಲ್ ವಿಲ್ಸನ್ ಬದುಕಿನ ಇನ್ನೊಂದು ಮಗ್ಗುಲು

1944ರ ಹೊತ್ತಿಗೆ ಬಿಲ್ ವಿಲ್ಸನ್ ಕುಡಿತ ಬಿಟ್ಟು ಹತ್ತು ವರ್ಷವಾಗುತ್ತ ಬಂದಿತ್ತು. ಆತ ಕಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಇಂದು ಎಎ ಎಂದೇ ಎಲ್ಲೆಡೆ ಪರಿಚಿತವಾಗಿರುವ ಕೂಟ, ಅಮೆರಿಕದ ಉದ್ದಗಲಕ್ಕೂ ಹಬ್ಬಿತ್ತು. ಸಾವಿರಾರು ಸಂಸಾರಗಳು ಆತನನ್ನು ಬದುಕಿಸಿದ ದೇವರೆಂಬಂತೆ ಕಾಣುತ್ತಿದ್ದವು. ಅದೇ ಕಾಲಕ್ಕೆ ಆ ಮನುಷ್ಯ ಎಷ್ಟೋ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಾರದೆ ಮಲಗಿರುತ್ತಿದ್ದ. ಕಚೇರಿಗೆ ಬಂದರೂ ಮೇಜಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತುಬಿಡುತ್ತಿದ್ದ. ಹನಿ ಮದ್ಯವನ್ನೂ ಮುಟ್ಟಿರಲಿಲ್ಲ. ಆತನನ್ನು ಹಿಡಿದದ್ದು ಖಿನ್ನತೆ. ಅದು ಕುಡಿತಕ್ಕಿಂತ ಹಳೆಯ ಕಾಯಿಲೆ ಎಂಬುದನ್ನು ಆತನ ಬಾಲ್ಯವನ್ನು ಬಲ್ಲವರು ಮಾತ್ರ ಊಹಿಸಬಹುದಾಗಿತ್ತು.

ವಿಲಿಯಂ ಗ್ರಿಫಿತ್ ವಿಲ್ಸನ್ ಹುಟ್ಟಿದ್ದು 1895ರ ನವೆಂಬರ್ 26ರಂದು, ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಪುಟ್ಟ ಊರಿನಲ್ಲಿ. ಅಮೃತಶಿಲೆಯ ಗಣಿಗಳಿದ್ದ ಸೀಮೆಯದು. ಕುಡಿತ ವಂಶದಲ್ಲಿಯೇ ಇತ್ತು. ತಂದೆಯ ತಂದೆ ಮಹಾ ಕುಡುಕನಾಗಿದ್ದು, ಒಂದು ದಿನ ಊರ ಪಕ್ಕದ ಏಯೋಲಸ್ ಬೆಟ್ಟ ಹತ್ತಿ ಅಲ್ಲಿ ದೈವಾನುಭವ ಪಡೆದು ಮತ್ತೆಂದೂ ಕುಡಿಯಲಿಲ್ಲವೆಂಬ ಕತೆ ಮನೆಮಂದಿಗೆಲ್ಲ ಗೊತ್ತಿತ್ತು. ತಂದೆಯೂ ಕುಡಿಯುತ್ತಿದ್ದ. ಬಿಲ್‌ಗೆ ಹತ್ತು ವರ್ಷವಾಗಿದ್ದಾಗ ತಂದೆತಾಯಿ ಬೇರೆಯಾದರು. ತಂದೆ ಕೆನಡಾದ ದಾರಿ ಹಿಡಿದ. ತಾಯಿ ವೈದ್ಯಕೀಯ ಓದಲು ಬಾಸ್ಟನ್‌ಗೆ ಹೊರಟಳು. ಮಗ ಮತ್ತು ಮಗಳು ತಾಯಿಯ ತಂದೆಯ ಮನೆಯಲ್ಲಿ ಉಳಿದರು.

ಅಜ್ಜ ಒಮ್ಮೆ, ಆಸ್ಟ್ರೇಲಿಯದ ಮೂಲನಿವಾಸಿಗಳನ್ನು ಬಿಟ್ಟರೆ ಬೂಮರಾಂಗ್ ಮಾಡಬಲ್ಲವರು ಯಾರೂ ಇಲ್ಲವೆಂದು ಸುಮ್ಮನೆ ಹೇಳಿದನಂತೆ. ಹುಡುಗ ತಿಂಗಳುಗಟ್ಟಲೆ ಮರ ಕೆತ್ತಿದ, ಕೊನೆಗೆ ತನ್ನ ಮಂಚದ ತಲೆಹಲಗೆಯನ್ನೇ ಕೊಯ್ದು, ಎಸೆದರೆ ತಿರುಗಿ ಬರುವ ಬೂಮರಾಂಗ್ ಮಾಡಿ ತೋರಿಸಿದ. ಗೆಲ್ಲಲೇಬೇಕೆಂಬ ಈ ಹಟ ಮುಂದೆ ಆತನ ಶಕ್ತಿಯೂ ಆಯಿತು, ಶತ್ರುವೂ ಆಯಿತು. ಶಾಲೆಯಲ್ಲಿ ಬೇಸ್‌ಬಾಲ್ ತಂಡದ ನಾಯಕನಾದ, ಪಿಟೀಲು ಕಲಿತ, ತರಗತಿಯ ಅಧ್ಯಕ್ಷನೂ ಆದ.

ಮ್ಯಾಂಚೆಸ್ಟರ್ ಊರಿನ ಬರ್ ಅಂಡ್ ಬರ್ಟನ್ ಶಾಲೆಯಲ್ಲಿ ಆತ ಪಾದ್ರಿಯೊಬ್ಬರ ಮಗಳು ಬರ್ತಾ ಬ್ಯಾಮ್‌ಫರ್ಡ್‌ಳನ್ನು ಪ್ರೀತಿಸಿದ. 1912ರ ನವೆಂಬರ್‌ನಲ್ಲಿ, ಆತನ ಹದಿನೇಳನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿದ್ದಾಗ, ನ್ಯೂಯಾರ್ಕಿನಲ್ಲಿ ನಡೆದ ಶಸ್ತ್ರಚಿಕಿತ್ಸೆಯ ಬೆನ್ನಿಗೇ ಆಕೆ ತೀರಿಕೊಂಡಳು. ಶಾಲೆಯ ಪ್ರಾರ್ಥನೆಯ ವೇಳೆ ಮುಖ್ಯೋಪಾಧ್ಯಾಯರು ಓದಿದ ತಂತಿಯಿಂದಲೇ ಹುಡುಗನಿಗೆ ವಿಷಯ ತಿಳಿದದ್ದು. ಅಂದಿನಿಂದ ಆತ ಕುಸಿದುಹೋದ. ಓದು ನಿಂತಿತು, ಪರೀಕ್ಷೆಗಳು ಹೋದವು, ಸಹಪಾಠಿಗಳೊಡನೆ ಶಾಲೆ ಮುಗಿಸಲಾಗಲಿಲ್ಲ. ಮುಂದೆ ನಾರ್ವಿಚ್ ಸೈನಿಕ ಕಾಲೇಜು ಸೇರಿದಾಗ ಎದೆಬಡಿತ, ಉಸಿರುಕಟ್ಟುವಿಕೆ, ಈಗಲೇ ಸತ್ತೇಹೋಗುತ್ತೇನೆಂಬ ಭಯ ಆಗಾಗ ಕಾಡತೊಡಗಿದವು. ವೈದ್ಯರು ಹೃದಯ ಪರೀಕ್ಷಿಸಿ ಏನೂ ಇಲ್ಲವೆಂದರು. ಈ ಹೊತ್ತಿಗೆ ಆತ ಮದ್ಯದ ರುಚಿಯನ್ನೇ ಕಂಡಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಮೊದಲ ಗುಟುಕು ದೊರೆತದ್ದು 1917ರಲ್ಲಿ. ಮೊದಲ ಮಹಾಯುದ್ಧದ ಸೇನೆಯಲ್ಲಿ ಎಳೆಯ ಅಧಿಕಾರಿಯಾಗಿದ್ದ ಬಿಲ್‌ನನ್ನು ನ್ಯೂ ಬೆಡ್‌ಫರ್ಡ್ ಊರಿನ ಸಿರಿವಂತರು ಔತಣಕ್ಕೆ ಕರೆದಿದ್ದರು. ಹಳ್ಳಿಯಿಂದ ಬಂದ, ಮಾತು ಬಾರದ, ಮೈ ಮುದುಡಿಕೊಂಡು ನಿಂತಿದ್ದ ಯುವಕನ ಕೈಗೆ ಯಾರೋ ಕಾಕ್‌ಟೇಲ್ ಇಟ್ಟರು. ಅಳುಕು ಕ್ಷಣದಲ್ಲಿ ಕರಗಿಹೋಯಿತು. ಜೀವನದಲ್ಲಿ ಮೊದಲ ಬಾರಿಗೆ ಜನರ ನಡುವೆ ತಾನೂ ಒಬ್ಬನೆನ್ನಿಸಿತು. ಮನಸ್ಸಿನ ನೋವಿಗೆ ಮನುಷ್ಯ ತಾನೇ ಹುಡುಕಿಕೊಳ್ಳುವ ಮದ್ದಾಗಿ ವ್ಯಸನವನ್ನು ನೋಡಬೇಕೆಂಬ ವಾದವನ್ನು ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯನ್ ವೈದ್ಯಪತ್ರಿಕೆಯಲ್ಲಿ ವಿಸ್ತಾರವಾಗಿ ಮಂಡಿಸಿದ್ದು 1985ರಲ್ಲಿ. ಬಿಲ್‌ನ ಮೊದಲ ಗುಟುಕಿಗೆ ಇದಕ್ಕಿಂತ ಹೊಂದುವ ವಿವರಣೆ ಸಿಗುವುದು ಕಷ್ಟ.

1918ರ ಜನವರಿ 24ರಂದು ಬ್ರೂಕ್ಲಿನ್‌ನ ವೈದ್ಯರೊಬ್ಬರ ಮಗಳು ಲೋಯಿಸ್ ಬರ್ನ್‌ಹ್ಯಾಮ್‌ಳನ್ನು ಮದುವೆಯಾಗಿ ಬಿಲ್ ಫ್ರಾನ್ಸಿಗೆ ಯುದ್ಧಕ್ಕೆ ಹೋದ. ಮರಳಿ ಬಂದು ರಾತ್ರಿ ಕಾಲೇಜಿನಲ್ಲಿ ಕಾನೂನು ಓದಿದರೂ ಪದವಿ ಕೈಗೆ ಬರಲಿಲ್ಲ. ಆದರೆ ಷೇರುಪೇಟೆಯಲ್ಲಿ ಮಿಂಚಿದ. 1925ರಲ್ಲಿ ಗಂಡಹೆಂಡಿರು ಮೋಟಾರ್‌ಸೈಕಲ್ ಏರಿ ಊರೂರು ಸುತ್ತಿ ಕಂಪನಿಗಳ ನಿಜಸ್ಥಿತಿಯನ್ನು ಕಣ್ಣಾರೆ ಕಂಡು ಬಂದರು. ಆ ವರದಿಗಳನ್ನು ವಾಲ್ ಸ್ಟ್ರೀಟ್ ಹಣ ಕೊಟ್ಟು ಕೊಂಡಿತು. 1929ರ ಕುಸಿತದಲ್ಲಿ ಎಲ್ಲವೂ ಕೊಚ್ಚಿಹೋಯಿತು. ನಂತರದ ಐದು ವರ್ಷ ಮಾವನ ಮನೆಯಲ್ಲಿ ವಾಸ, ಡಿಪಾರ್ಟ್‌ಮೆಂಟ್ ಸ್ಟೋರಿನಲ್ಲಿ ದುಡಿಯುತ್ತಿದ್ದ ಹೆಂಡತಿಯ ಸಂಬಳದಲ್ಲಿ ಅನ್ನ, ಅದೇ ಸಂಬಳದಿಂದ ಕದ್ದ ಹಣದಲ್ಲಿ ಜಿನ್.

1933 ಮತ್ತು 1934ರಲ್ಲಿ ಆತನನ್ನು ನಾಲ್ಕು ಬಾರಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಸೇರಿಸಲಾಯಿತು. ಅಲ್ಲಿನ ವೈದ್ಯ ಡಾ. ವಿಲಿಯಂ ಸಿಲ್ಕ್‌ವರ್ತ್, ಕುಡಿತ ಚಾರಿತ್ರ್ಯದ ದೋಷವಲ್ಲ, ದೇಹದ ಅಲರ್ಜಿ ಮತ್ತು ಮನಸ್ಸಿನ ಗೀಳು ಎರಡೂ ಸೇರಿದ ಕಾಯಿಲೆ ಎಂದು ನಂಬಿದ್ದರು. ಅಲರ್ಜಿಯ ಮಾತನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಆದರೆ ಕುಡುಕನನ್ನು ಬೈದು ಕಳಿಸುತ್ತಿದ್ದ ಕಾಲದಲ್ಲಿ ಆತನನ್ನು ರೋಗಿಯೆಂದು ಕರೆದದ್ದೇ ದೊಡ್ಡ ಮಾತು. ಹೀಗೆಯೇ ಸಾಗಿದರೆ ಈತ ಬೇಗನೆ ಸಾಯುತ್ತಾನೆ, ಇಲ್ಲವೇ ಬುದ್ಧಿ ಕಳೆದುಕೊಳ್ಳುತ್ತಾನೆ ಎಂದು ಸಿಲ್ಕ್‌ವರ್ತ್ 1934ರ ಬೇಸಿಗೆಯಲ್ಲಿ ಲೋಯಿಸ್‌ಗೆ ತಿಳಿಸಿದ್ದರು.

ಆ ವರ್ಷದ ನವೆಂಬರ್‌ನಲ್ಲಿ ಹಳೆಯ ಕುಡುಕ ಗೆಳೆಯ ಎಬಿ ಥ್ಯಾಚರ್, ಆಕ್ಸ್‌ಫರ್ಡ್ ಗ್ರೂಪ್ ಎಂಬ ಧಾರ್ಮಿಕ ಕೂಟದ ಸಹವಾಸದಿಂದ ಕುಡಿತ ಬಿಟ್ಟು ಮನೆಗೆ ಬಂದ. ಡಿಸೆಂಬರ್ 11ರಂದು ಬಿಲ್ ನಾಲ್ಕನೆಯ ಬಾರಿ ಆಸ್ಪತ್ರೆ ಸೇರಿದ. ಅಲ್ಲಿ ಕಡು ಖಿನ್ನತೆಯ ನಡುವೆ ದೇವರನ್ನು ಕೂಗಿ ಕರೆದಾಗ ಕೋಣೆಯೆಲ್ಲ ಬೆಳಕು ತುಂಬಿದಂತಾಯಿತೆಂದು ಆತ ಜೀವನವಿಡೀ ಹೇಳುತ್ತಿದ್ದ. ಅಲ್ಲಿ ಕೊಡುತ್ತಿದ್ದ ಬೆಲ್ಲಡೋನಾ ಔಷಧ ಭ್ರಮೆ ಹುಟ್ಟಿಸಬಲ್ಲದು ಎಂದು ಸಂಶಯಪಡುವವರೂ ಇದ್ದಾರೆ. ಕಾರಣ ಏನೇ ಇರಲಿ, ಆತ ಮತ್ತೆ ಕುಡಿಯಲಿಲ್ಲ.

ಮುಂದಿನ ಕತೆ ಪ್ರಸಿದ್ಧ. 1935ರ ಮೇನಲ್ಲಿ ವ್ಯವಹಾರವೊಂದು ಕೈಕೊಟ್ಟು ಓಹಾಯೊ ರಾಜ್ಯದ ಆಕ್ರನ್ ಊರಿನ ಹೋಟೆಲಿನಲ್ಲಿ ಒಂಟಿಯಾಗಿ ನಿಂತಿದ್ದಾಗ, ಒಂದು ಕಡೆ ಬಾರಿನ ಸದ್ದು, ಇನ್ನೊಂದು ಕಡೆ ಟೆಲಿಫೋನು. ಬಿಲ್ ಟೆಲಿಫೋನು ಎತ್ತಿಕೊಂಡ. ಅದರ ಮೂಲಕ ಪರಿಚಯವಾದ ಶಸ್ತ್ರವೈದ್ಯ, ಸ್ವತಃ ಕುಡುಕನಾಗಿದ್ದ ಡಾ. ಬಾಬ್ ಸ್ಮಿತ್ ಜೊತೆ ಸೇರಿ ಕೂಟ ಕಟ್ಟಿದ. ಡಾ. ಬಾಬ್ ಕೊನೆಯ ಬಾರಿ ಕುಡಿದ 1935ರ ಜೂನ್ 10 ಎಎಯ ಸ್ಥಾಪನಾ ದಿನವಾಯಿತು. ಹನ್ನೆರಡು ಹೆಜ್ಜೆಗಳ ಪುಸ್ತಕ 1939ರಲ್ಲಿ ಬಂತು. ಗಂಭೀರ ಮಾನಸಿಕ ತೊಂದರೆ ಇರುವವರೂ ಗುಣಮುಖರಾಗಬಲ್ಲರೆಂದೂ, ವೈದ್ಯರು ಮತ್ತು ಮನೋವೈದ್ಯರ ಬಳಿ ಹೋಗಲು ಹಿಂಜರಿಯಬಾರದೆಂದೂ ಆ ಪುಸ್ತಕದಲ್ಲಿಯೇ ಇದೆ. ಅದನ್ನು ಓದಿಯೂ ಓದದವರಂತೆ ಅನುಯಾಯಿಗಳು ನಡೆದುಕೊಂಡದ್ದು ಮುಂದಿನ ಮಾತು.

ಪುಸ್ತಕದ ಹಸ್ತಪ್ರತಿ ಕನೆಕ್ಟಿಕಟ್ ರಾಜ್ಯದ ಬ್ಲೈತ್‌ವುಡ್ ಮಾನಸಿಕ ಆರೋಗ್ಯಧಾಮದ ಮುಖ್ಯಸ್ಥ ಡಾ. ಹ್ಯಾರಿ ಟೀಬೌಟ್ ಅವರ ಕೈ ಸೇರಿತ್ತು. ಕುಡಿತದಿಂದ ನರಳುತ್ತಿದ್ದ ತಮ್ಮ ರೋಗಿ ಮಾರ್ಟಿ ಮನ್‌ಗೆ ಅವರು ಅದನ್ನು ಓದಲು ಕೊಟ್ಟರು. ಆಕೆ ಎಎ ಸೇರಿ ಚೇತರಿಸಿಕೊಂಡದ್ದನ್ನು ಕಂಡು ಬೆರಗಾದ ಟೀಬೌಟ್, ಈ ಕೂಟ ಮನಸ್ಸಿನ ಮೇಲೆ ಹೇಗೆ ಕೆಲಸ ಮಾಡುತ್ತದೆಂಬುದನ್ನು 1944ರಲ್ಲಿ ಅಮೆರಿಕದ ಮನೋವೈದ್ಯರ ಪತ್ರಿಕೆಯಲ್ಲಿ ಬರೆದರು. ಅಹಂಕಾರ ಸೋತು ಶರಣಾದಾಗ ವ್ಯಸನ ಸಡಿಲಗೊಳ್ಳುತ್ತದೆ ಎಂಬುದು ಅವರ ವಿವರಣೆಯ ತಿರುಳು. ಅದೇ ವರ್ಷ ಬಿಲ್ ವಾರಕ್ಕೆರಡು ಬಾರಿ ಅದೇ ವೈದ್ಯರ ಬಳಿ ರೋಗಿಯಾಗಿ ಹೋಗಿ ಕೂರತೊಡಗಿದ.

ಇದು ತಿಳಿದಾಗ ಎಎಯೊಳಗೆ ಗುಸುಗುಸು ಎದ್ದಿತು. ಹನ್ನೆರಡು ಹೆಜ್ಜೆ ಬರೆದವನೇ ಮನೋವೈದ್ಯನ ಬಾಗಿಲಿಗೆ ಹೋದರೆ ಹೆಜ್ಜೆಗಳ ಗತಿಯೇನು ಎಂದು ಕೆಲವರು ಸಿಟ್ಟಾದರು. ತಾನೇ ಬೋಧಿಸಿದ್ದನ್ನು ಆತ ಸರಿಯಾಗಿ ಪಾಲಿಸುತ್ತಿಲ್ಲವೆಂದು ಇನ್ನು ಕೆಲವರು ತೀರ್ಪು ಕೊಟ್ಟರು. ಕಾಲು ಮುರಿದವನಿಗೆ ಪ್ರಾರ್ಥನೆ ಸಾಲದೆ ಹೋಯಿತೆಂದು ಯಾರೂ ಬೈಯುವುದಿಲ್ಲ. ಮನಸ್ಸು ಮುರಿದವನಿಗೆ ಮಾತ್ರ ಈ ಶಿಕ್ಷೆ. ಬಿಲ್ ಚಿಕಿತ್ಸೆ ನಿಲ್ಲಿಸಲಿಲ್ಲ. ಎಲ್ಲವೂ ತಾನಂದುಕೊಂಡಂತೆಯೇ ನಡೆಯಬೇಕೆಂಬ ಮಗುವಿನ ಹಟ ಆತನೊಳಗೆ ಇನ್ನೂ ಬದುಕಿದೆ ಎಂದು ಟೀಬೌಟ್ ಗುರುತಿಸಿದರು. ಮಂಚದ ಹಲಗೆ ಕೊಯ್ದ ಹುಡುಗನನ್ನು ಅವರು ಸರಿಯಾಗಿಯೇ ಪತ್ತೆಹಚ್ಚಿದ್ದರು. ಆಮೇಲೆ ಬಿಲ್ ಯೂಂಗ್ ಪಂಥದ ಚಿಕಿತ್ಸಕಿ ಫ್ರಾನ್ಸಿಸ್ ವೀಕ್ಸ್ ಬಳಿಯೂ ಹೋದ. ಖಿನ್ನತೆ ಬಂದು ಹೋಗುತ್ತ 1955ರವರೆಗೂ, ಅಂದರೆ ಹನ್ನೊಂದು ವರ್ಷ ಕಾಡಿತು. ಎಎಯ ಹನ್ನೆರಡು ಸಂಪ್ರದಾಯಗಳು ರೂಪುಗೊಂಡದ್ದೂ, 1953ರ ಅವುಗಳ ಪುಸ್ತಕ ಬರೆದದ್ದೂ ಈ ಅವಧಿಯಲ್ಲಿಯೇ.

ಅಂದಿನ ವೈದ್ಯರ ಕೈಯಲ್ಲಿ ಇದ್ದದ್ದಾದರೂ ಏನು? ಖಿನ್ನತೆಗೆಂದೇ ಬಳಸುವ ಮೊದಲ ಮಾತ್ರೆಗಳು ಬಂದದ್ದು 1950ರ ದಶಕದ ಕೊನೆಯಲ್ಲಿ. ಕುಡಿತದಿಂದ ಹುಟ್ಟಿದ ಖಿನ್ನತೆ ಯಾವುದು, ಅದಕ್ಕೂ ಮೊದಲೇ ಇದ್ದ ಖಿನ್ನತೆ ಯಾವುದು ಎಂದು ಬೇರ್ಪಡಿಸಿ ನೋಡುವ ಕ್ರಮವೂ ಬೆಳೆದಿರಲಿಲ್ಲ. ಇಂದಿನ ತಿಳಿವಳಿಕೆಯಂತೆ, ಮದ್ಯವೇ ತಂದಿಟ್ಟ ಖಿನ್ನತೆ ಕುಡಿತ ನಿಂತ ಎರಡರಿಂದ ನಾಲ್ಕು ವಾರಗಳಲ್ಲಿ ಸಾಮಾನ್ಯವಾಗಿ ತಿಳಿಯಾಗುತ್ತದೆ. ಆಮೇಲೂ ಉಳಿದರೆ, ಅಥವಾ ಕುಡಿತ ಶುರುವಾಗುವ ಮೊದಲೇ ಇದ್ದಿದ್ದರೆ, ಅದು ಪ್ರತ್ಯೇಕ ಕಾಯಿಲೆ. ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಬಿಲ್‌ನ ಬದುಕು ಈ ಎರಡೂ ಅಳತೆಗೋಲಿಗೆ ಹೊಂದುತ್ತದೆ. 1912ರಲ್ಲಿ ಮದ್ಯ ಇರಲಿಲ್ಲ, 1944ರಲ್ಲೂ ಇರಲಿಲ್ಲ, ಕತ್ತಲೆ ಎರಡು ಸಲವೂ ಇತ್ತು.

ಬಿಲ್ ಅನುಭವಿಸಿದ ಈ ಇಬ್ಬಂದಿ ಆತನ ಸಾವಿನ ನಂತರವೂ ದಶಕಗಳ ಕಾಲ ಸಾವಿರಾರು ರೋಗಿಗಳ ಪಾಡಾಗಿತ್ತು. ಮೊದಲು ಕುಡಿತ ಬಿಟ್ಟು ಬಾ ಎಂದು ಮಾನಸಿಕ ಆಸ್ಪತ್ರೆ ಹೇಳುತ್ತಿತ್ತು. ಮೊದಲು ತಲೆ ಸರಿಮಾಡಿಕೊಂಡು ಬಾ ಎಂದು ವ್ಯಸನಮುಕ್ತಿ ಕೇಂದ್ರ ಹೇಳುತ್ತಿತ್ತು. ನಡುವೆ ಅಲೆಯುವ ರೋಗಿ ಎರಡೂ ಕಡೆ ಸೋಲುತ್ತಿದ್ದ. ಅಮೆರಿಕದಲ್ಲಿ 20 ಸಾವಿರಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿ ನಡೆಸಿದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಮದ್ಯದ ಸಮಸ್ಯೆ ಇದ್ದವರಲ್ಲಿ ಶೇ 37ರಷ್ಟು ಮಂದಿಗೆ, ಇತರ ಮಾದಕವಸ್ತುಗಳ ವ್ಯಸನ ಇದ್ದವರಲ್ಲಿ ಶೇ 53ರಷ್ಟು ಮಂದಿಗೆ ಜೀವನದಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆಯೂ ಇತ್ತೆಂದು ಅದು ತೋರಿಸಿತು. ಒಂದೇ ತಂಡ, ಒಂದೇ ಕಡೆ, ಎರಡಕ್ಕೂ ಏಕಕಾಲಕ್ಕೆ ಚಿಕಿತ್ಸೆ ಕೊಡುವ ಪದ್ಧತಿ ಆ ವರ್ಷಗಳಲ್ಲಿ ಬೇರೂರಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗ ಮನೋವೈದ್ಯಕೀಯ ಸಂಸ್ಥೆಯ ಅಂಗಳದಲ್ಲಿಯೇ ಇರುವುದು ಈ ದೃಷ್ಟಿಗೆ ಒಪ್ಪುವಂಥದೇ. ಎಎ ಕೂಡ 1984ರಲ್ಲಿ ಕಿರುಹೊತ್ತಗೆಯೊಂದನ್ನು ಹೊರತಂದು, ಸದಸ್ಯರು ಪರಸ್ಪರ ವೈದ್ಯರಂತೆ ವರ್ತಿಸಬಾರದೆಂದು ತಿಳಿಸಿತು. ಗೆಳೆಯರ ಮಾತು ಕೇಳಿ ಮಾತ್ರೆ ಎಸೆದವರು ಅನಾಹುತ ಮಾಡಿಕೊಂಡ ಪ್ರಸಂಗಗಳೇ ಅದಕ್ಕೆ ಕಾರಣ.

1955ರಲ್ಲಿ ಸೇಂಟ್ ಲೂಯಿಸ್ ಸಮ್ಮೇಳನದಲ್ಲಿ ಬಿಲ್ ಕೂಟದ ಹೊಣೆಯನ್ನು ಸದಸ್ಯರಿಗೇ ಒಪ್ಪಿಸಿದ. ಖಿನ್ನತೆ ಹಿಂದೆ ಸರಿದದ್ದೂ ಆ ಹೊತ್ತಿಗೇ. 1958ರ ಜನವರಿಯಲ್ಲಿ ಎಎಯ ಮಾಸಿಕಕ್ಕೆ ಬರೆದ ಲೇಖನದಲ್ಲಿ, ಬೇರೆಯವರ ಮೆಚ್ಚುಗೆಗೆ ಜೋತುಬಿದ್ದದ್ದೇ ತನ್ನ ನೋವಿನ ಬೇರು ಎಂದು ತೋಡಿಕೊಂಡ. ಕುಡಿತ ಬಿಡುವುದು ಒಂದು, ಮನಸ್ಸು ಹದಕ್ಕೆ ಬರುವುದು ಇನ್ನೊಂದು ಎಂಬುದು ಆ ಬರಹದ ಸಾರ.

ಆದರೂ ಹುಡುಕಾಟ ನಿಲ್ಲಲಿಲ್ಲ. ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿ ಹಂಫ್ರಿ ಆಸ್ಮಂಡ್ ಮತ್ತು ಅಬ್ರಾಂ ಹಾಫರ್ ಎಂಬ ಮನೋವೈದ್ಯರು ಕುಡುಕರಿಗೆ ಎಲ್‌ಎಸ್‌ಡಿ ಕೊಟ್ಟು ನೋಡುತ್ತಿದ್ದರು. ಆಗ ಅದು ಕಾನೂನುಬಾಹಿರವಾಗಿರಲಿಲ್ಲ. ಕುಡುಕರಿಗೆ ಮತ್ತೊಂದು ಮಾದಕವೇ ಎಂದು ಮೊದಲು ಮೂಗು ಮುರಿದ ಬಿಲ್, 1956ರ ಆಗಸ್ಟ್ 29ರಂದು ಲಾಸ್ ಏಂಜಲೀಸ್‌ನಲ್ಲಿ ವೈದ್ಯರ ನಿಗಾದಲ್ಲಿ ತಾನೇ ಅದನ್ನು ತೆಗೆದುಕೊಂಡ. ಹಟಮಾರಿ ಅಹಂ ಕರಗಲು ಇದು ಕೆಲವರಿಗೆ ನೆರವಾಗಬಹುದೆಂದು ಆತನಿಗೆ ಅನ್ನಿಸಿತು. ಕೂಟದಲ್ಲಿ ಮತ್ತೆ ಗದ್ದಲ. ಕೆಲವೇ ವರ್ಷಗಳಲ್ಲಿ ಆತ ಆ ಪ್ರಯೋಗದಿಂದ ಹಿಂದೆ ಸರಿದ. ಹಳೆಯ ಆರು ಪ್ರಯೋಗಗಳ 536 ರೋಗಿಗಳ ದಾಖಲೆಯನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯೊಂದು, ಎಲ್‌ಎಸ್‌ಡಿಯಿಂದ ಕುಡಿತ ತಗ್ಗಿದ್ದುಂಟು ಎಂದು ಕಂಡುಕೊಂಡಿತು. ಆದರೂ ಅದು ಒಪ್ಪಿತ ಚಿಕಿತ್ಸೆಯ ಸಾಲಿಗೆ ಸೇರಿಲ್ಲ.

ನಂತರದ ಗೀಳು ಬಿ-3 ಜೀವಸತ್ವ, ಅಂದರೆ ನಯಾಸಿನ್. ಹಾಫರ್ ಸಲಹೆಯಂತೆ ದಿನಕ್ಕೆ ಮೂರು ಗ್ರಾಂ ತೆಗೆದುಕೊಂಡು ತನ್ನ ದಣಿವು, ಮಂಕು ಹೋಯಿತೆಂದು ನಂಬಿದ ಬಿಲ್, ಮೂವತ್ತು ಗೆಳೆಯರಿಗೂ ಕೊಟ್ಟ, ವೈದ್ಯರಿಗೆ ಕಿರುಹೊತ್ತಗೆಗಳನ್ನು ಹಂಚಿದ. ಎಎಯ ಹೆಸರನ್ನು ಇದಕ್ಕೆ ಬಳಸಬೇಡವೆಂದು ಟ್ರಸ್ಟಿಗಳು ಕೇಳಿಕೊಳ್ಳಬೇಕಾಯಿತು. ಇಲ್ಲಿ ಟ್ರಸ್ಟಿಗಳೇ ಸರಿ. ಅಮೆರಿಕದ ಮನೋವೈದ್ಯರ ಸಂಘದ ಸಮಿತಿ 1973ರಲ್ಲಿ ಪರಿಶೀಲಿಸಿ, ಇಂಥ ಭಾರಿ ಪ್ರಮಾಣದ ಜೀವಸತ್ವ ಚಿಕಿತ್ಸೆಗೆ ಆಧಾರವಿಲ್ಲವೆಂದಿತು. ಅಷ್ಟು ನಯಾಸಿನ್ ಯಕೃತ್ತಿಗೆ ಹಾನಿ ಮಾಡಬಲ್ಲದು. ತನ್ನ ಎರಡನೆಯ ಕಾಯಿಲೆಗೆ ಮದ್ದು ಕಾಣದ ಮನುಷ್ಯ ಎಟುಕಿದ್ದನ್ನೆಲ್ಲ ಹಿಡಿಯುತ್ತಾನೆ ಎಂಬುದಷ್ಟೇ ಇದರಿಂದ ತಿಳಿಯುವುದು.

ಒಂದು ವ್ಯಸನ ಮಾತ್ರ ಆತನನ್ನು ಬಲುಕಾಲ ಬಿಡಲಿಲ್ಲ. ಅದು ಸಿಗರೇಟು. ಶ್ವಾಸಕೋಶ ಹಾಳಾಗಿ ಉಸಿರಾಟ ಕಷ್ಟವಾದ ಮೇಲೂ ಸೇದುತ್ತಲೇ ಇದ್ದ. 1970ರ ಜುಲೈನಲ್ಲಿ ಮಯಾಮಿ ಬೀಚ್ ಸಮ್ಮೇಳನಕ್ಕೆ ಗಾಲಿಕುರ್ಚಿಯಲ್ಲಿ ಬಂದು, ಎದ್ದು ನಿಂತು ನಾಲ್ಕು ಮಾತಾಡಿದ್ದೇ ಕೊನೆಯ ಭಾಷಣ. ಸಾವಿಗೆ ಕೆಲವೇ ವಾರಗಳ ಮೊದಲು ಆತ ವಿಸ್ಕಿ ಕೇಳಿದ್ದನೆಂದು ದಾದಿಯರ ದಾಖಲೆಯಲ್ಲಿದೆ, ಕೊಡಲಿಲ್ಲ. 1971ರ ಜನವರಿ 24ರಂದು, ಮದುವೆಯ ಐವತ್ಮೂರನೆಯ ವಾರ್ಷಿಕೋತ್ಸವದ ದಿನವೇ, ಮಯಾಮಿಯ ಆಸ್ಪತ್ರೆಯಲ್ಲಿ ಬಿಲ್ ತೀರಿಕೊಂಡ. ಅಷ್ಟು ಕಾಲ ಬಿಲ್ ಡಬ್ಲ್ಯೂ ಎಂದಷ್ಟೇ ಹೊರಜಗತ್ತಿಗೆ ಗೊತ್ತಿದ್ದ ವ್ಯಕ್ತಿಯ ಪೂರ್ಣ ಹೆಸರನ್ನು ನ್ಯೂಯಾರ್ಕ್ ಟೈಮ್ಸ್ ನಿಧನವಾರ್ತೆಯಲ್ಲಿ ಅಚ್ಚು ಹಾಕಿತು. ಕುಡುಕರ ಮನೆಮಂದಿಗಾಗಿ 1951ರಲ್ಲಿ ಆಲ್-ಅನಾನ್ ಕೂಟ ಕಟ್ಟಿದ್ದ ಲೋಯಿಸ್ 1988ರವರೆಗೂ ಬದುಕಿದ್ದಳು. ಈಸ್ಟ್ ಡಾರ್ಸೆಟ್‌ನ ಸ್ಮಶಾನದಲ್ಲಿ ಇಬ್ಬರ ಸಮಾಧಿಗಳೂ ಅಕ್ಕಪಕ್ಕದಲ್ಲಿವೆ. ಬಿಲ್‌ನ ಕಲ್ಲಿನ ಮೇಲೆ ಎಎಯ ಹೆಸರಿಲ್ಲ.