ದರ್ಜಿ ಹೆಂಗಸಿನ ಮಾತು ಕೇಳಿದ ಡಾಕ್ಟರ್

ಕೆಲವು ಕ್ಯಾನ್ಸರ್ ವಂಶದಲ್ಲೇ ಬರುತ್ತೆ ಅಂತ ಇವತ್ತು ನಾವೆಲ್ಲ ಸಲೀಸಾಗಿ ಹೇಳ್ತೀವಿ. ಡಿಎನ್‌ಎ ರಚನೆಯೇ ಗೊತ್ತಿಲ್ಲದ ಕಾಲದಲ್ಲಿ ಇದನ್ನು ದಾಖಲೆ ಸಮೇತ ತೋರಿಸಿದವರು ಆಲ್ಡ್ರೆಡ್ ಸ್ಕಾಟ್ ವಾರ್ಥಿನ್.

1866ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಹುಟ್ಟಿದ ವಾರ್ಥಿನ್ ಮೊದಲು ಕಲಿತದ್ದು ಸಂಗೀತ. ಆಮೇಲೆ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಓದಿ 1891ರಲ್ಲಿ ಡಾಕ್ಟರ್ ಆದರು, ಮುಂದೆ ಅಲ್ಲೇ ಪೆಥಾಲಜಿ ಪ್ರೊಫೆಸರ್ ಆದರು. ಜೊಲ್ಲುಗ್ರಂಥಿಯ ಒಂದು ಬಗೆಯ ಗಡ್ಡೆಗೆ ಇವತ್ತಿಗೂ ಅವರದೇ ಹೆಸರಿದೆ.

1895ರಲ್ಲಿ ಅವರಿಗೆ ಬಟ್ಟೆ ಹೊಲಿಯುವ ಒಬ್ಬ ಹೆಂಗಸಿನ ಪರಿಚಯವಾಯಿತು. ತಮ್ಮ ಮನೆತನದಲ್ಲಿ ತುಂಬಾ ಜನ ಕ್ಯಾನ್ಸರ್‌ನಿಂದ ಹೋಗಿದ್ದಾರೆ, ತಾನೂ ಹಾಗೇ ಬೇಗ ಸಾಯ್ತೀನಿ ಅಂತ ಆಕೆಗೆ ಖಾತ್ರಿಯಿತ್ತು. ಆಗ ಆಕೆ ಆರೋಗ್ಯವಾಗಿಯೇ ಇದ್ದರು. ಬೇರೆಯವರಾಗಿದ್ದರೆ ಸುಮ್ಮನೆ ಭಯ ಅಂತ ಬಿಟ್ಟುಬಿಡುತ್ತಿದ್ದರೇನೋ. ವಾರ್ಥಿನ್ ಮಾತ್ರ ಆಕೆಯ ವಂಶವೃಕ್ಷ ಬರೆಯಲು ಕೂತರು. ವರ್ಷಗಟ್ಟಲೆ ಮಾಹಿತಿ ಸೇರಿಸಿ 1913ರಲ್ಲಿ ಪ್ರಕಟಿಸಿದರು. ಆಕೆ ಹೇಳಿದ ಹಾಗೇ ಗರ್ಭಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ವಾರ್ಥಿನ್ 1931ರಲ್ಲಿ ಹೋದರು. ಕಾರಣ ಏನು ಅನ್ನೋದು ಇಬ್ಬರಿಗೂ ತಿಳಿಯಲಿಲ್ಲ.

1960ರ ದಶಕದಲ್ಲಿ ಹೆನ್ರಿ ಲಿಂಚ್ ಅದೇ ಕುಟುಂಬದ ಕಡತವನ್ನು ಮತ್ತೆ ತೆರೆದರು. ಕೊನೆಗೆ 2000ದಲ್ಲಿ ಆ ವಂಶದ ದೋಷ ಸಿಕ್ಕಿತು: ಎಂಎಸ್‌ಎಚ್2 ಅನ್ನೋ ಜೀನ್‌ನಲ್ಲಿ.

ಈ ಜೀನ್ ಮಾಡುವ ಪ್ರೋಟೀನ್‌ನ ಕೆಲಸ ನಮ್ಮ ಎರರ್ ಚೆಕಿಂಗ್ ಇದ್ದ ಹಾಗೆ. ಜೀವಕೋಶ ಡಿಎನ್‌ಎ ಕಾಪಿ ಮಾಡುವಾಗ ತಪ್ಪು ಅಕ್ಷರ ಸೇರಿದರೆ ಅದನ್ನು ಹಿಡಿದು ರಿಪೇರಿಗೆ ಬೇರೆ ಪ್ರೋಟೀನ್‌ಗಳನ್ನು ಕರೆಯುತ್ತದೆ. ನಮ್ಮಲ್ಲಿ ಪ್ರತಿ ಜೀನ್‌ಗೆ ಎರಡು ಪ್ರತಿ: ತಾಯಿಯದೊಂದು, ತಂದೆಯದೊಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ಸಾಗಿಸುತ್ತೆ. ಯಾವುದೋ ಒಂದು ಕೋಶದಲ್ಲಿ ಅದೂ ಕೆಟ್ಟರೆ ಪ್ರೋಟೀನ್ ಇಲ್ಲವಾಗಿ, ತಪ್ಪುಗಳು ಗುಡ್ಡೆ ಬೀಳುತ್ತವೆ.

ಇದನ್ನು ಇವತ್ತು ಲ್ಯಾಬ್‌ನಲ್ಲಿ ಕಣ್ಣಾರೆ ನೋಡಬಹುದು. ಗಡ್ಡೆಯ ತೆಳು ಪದರಕ್ಕೆ ಎಂಎಸ್‌ಎಚ್2 ಗುರುತಿಸುವ ಬಣ್ಣ ಹಾಕಿದರೆ ಆರೋಗ್ಯವಂತ ಕೋಶಗಳ ನ್ಯೂಕ್ಲಿಯಸ್ ಕಂದು ಆಗುತ್ತೆ. ಪಕ್ಕದಲ್ಲೇ ಇರುವ ಇಂಥ ಕ್ಯಾನ್ಸರ್ ಕೋಶಗಳಲ್ಲಿ ಆ ಕಂದು ಇರೋದಿಲ್ಲ. ಹಾಗಾದಾಗ ಡಾಕ್ಟರು ಜೀನ್ ಪರೀಕ್ಷೆಗೆ ಹೇಳುತ್ತಾರೆ. ದೋಷ ಇರುವ ಬಂಧುಗಳಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಕೊಲೊನೋಸ್ಕೋಪಿ ಮಾಡಿದರೆ, ದೊಡ್ಡ ಕರುಳಿನ ಗಡ್ಡೆ ಕ್ಯಾನ್ಸರ್ ಆಗುವ ಮೊದಲೇ ತೆಗೆದುಹಾಕಬಹುದು. ಆ ದರ್ಜಿ ಹೆಂಗಸಿಗೆ ಸಿಗದ ಅವಕಾಶ ಇದು.

ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಯಾರಿಗೆ, ಎಷ್ಟನೇ ವಯಸ್ಸಿನಲ್ಲಿ, ಯಾವ ಕಾಯಿಲೆ ಬಂದಿತ್ತು ಅಂತ ಅಜ್ಜಿಯನ್ನು ಕೇಳಿ ಬರೆದಿಟ್ಟುಕೊಳ್ಳೋಣ. ವಾರ್ಥಿನ್ ಶುರು ಮಾಡಿದ್ದೂ ಅಲ್ಲಿಂದಲೇ.