ಕಣ್ಣಾರೆ ಕಂಡವನು

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಏರಿ ಇಳಿದು ಬಂದವರಿಗೆ ಮರುದಿನ ಬೆಳಗ್ಗೆ ಕಾಲುಗಳು ತಮ್ಮ ಇರವನ್ನು ತಾವೇ ಸಾರಿ ಹೇಳುತ್ತವೆ. ಮೇಟಗಳ್ಳಿಯ ಹುಡುಗನಾಗಲಿ, ದೂರದ ಊರಿನ ಯಾತ್ರಿಕನಾಗಲಿ, ಎಲ್ಲರೂ ಕೈಯಿಟ್ಟು ನೀವಿಕೊಳ್ಳುವುದು ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಒಂದೇ ಜಾಗವನ್ನು. ಆ ಮಾಂಸಲವಾದ ಭಾಗವನ್ನು ನಮ್ಮ ಹಿರಿಯರು ಮೀನಖಂಡವೆಂದು ಕರೆದರು. ನಡುವೆ ಉಬ್ಬಿ, ಕೆಳಗೆ ಸಪೂರವಾಗುವ ಅದರ ಆಕಾರವು ಮೀನನ್ನೇ ನೆನಪಿಗೆ ತರುತ್ತದೆ. ಮೈಸೂರಿನ ಗರಡಿಮನೆಗಳ ಉಸ್ತಾದರು ಅದರ ಬಲವನ್ನು ಬಲ್ಲರು. ಕಲ್ಲಿನಲ್ಲಿ ಮೂರ್ತಿಗಳನ್ನು ಕಡೆದ ಶಿಲ್ಪಿಗಳು ಅದರ ಹೊರರೂಪವನ್ನು ಬಲ್ಲರು. ಆದರೆ ಚರ್ಮದ ಒಳಗೆ ಎಷ್ಟು ಸ್ನಾಯುಗಳಿವೆ, ಯಾವುದು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ, ಯಾವುದು ಸೆಳೆದರೆ ಪಾದವು ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ಹೊರಗಿನಿಂದ ನೋಡಿ ತಿಳಿಯಲಾಗದು. ಇಂದು ಶರೀರಶಾಸ್ತ್ರದ ಯಾವ ಪುಸ್ತಕವನ್ನು ತೆರೆದರೂ ಇದೆಲ್ಲವೂ ಚಿತ್ರಸಹಿತವಾಗಿ ದೊರೆಯುತ್ತದೆ. ಆ ಚಿತ್ರಗಳ ಪರಂಪರೆಗೆ ಭದ್ರವಾದ ಅಡಿಪಾಯವನ್ನು ಹಾಕಿದವನು ಆಂಡ್ರಿಯಾಸ್ ವೆಸೇಲಿಯಸ್.

ವೆಸೇಲಿಯಸ್ಸನು 1514ನೆಯ ಇಸವಿಯ ಡಿಸೆಂಬರ್ 31ರಂದು ಈಗಿನ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಜನಿಸಿದನು. ಅವನದು ತಲೆತಲಾಂತರದಿಂದ ವೈದ್ಯವೃತ್ತಿಯನ್ನು ನಡೆಸಿಕೊಂಡು ಬಂದ ಮನೆತನ. ತಂದೆಯು ಚಕ್ರವರ್ತಿ ಐದನೆಯ ಚಾರ್ಲ್ಸನ ಆಸ್ಥಾನದಲ್ಲಿ ಔಷಧಗಳನ್ನು ಸಿದ್ಧಪಡಿಸುವ ಕೆಲಸದಲ್ಲಿದ್ದನು. ಬಾಲ್ಯದಲ್ಲಿಯೇ ವೆಸೇಲಿಯಸ್ಸನಿಗೆ ಪ್ರಾಣಿಗಳ ದೇಹರಚನೆಯನ್ನು ಬಗೆದು ನೋಡುವ ಕುತೂಹಲವಿತ್ತು. ಲೂವೆನ್ ನಗರದ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಕಲಿತು, 1533ರಲ್ಲಿ ವೈದ್ಯಶಾಸ್ತ್ರದ ಅಭ್ಯಾಸಕ್ಕಾಗಿ ಅವನು ಪ್ಯಾರಿಸ್ಸಿಗೆ ಹೋದನು.

ಆ ಕಾಲದ ವೈದ್ಯಶಿಕ್ಷಣದ ಸ್ವರೂಪವನ್ನು ಅರಿಯದೆ ವೆಸೇಲಿಯಸ್ಸನ ಸಾಧನೆಯನ್ನು ಅಳೆಯುವುದು ಸಾಧ್ಯವಿಲ್ಲ. ಅಂದು ಯುರೋಪಿನಲ್ಲಿ ಗೇಲನ್ ಎಂಬ ವೈದ್ಯನ ಮಾತೇ ವೇದವಾಕ್ಯ. ಗೇಲನ್ನನು ಕ್ರಿಸ್ತಶಕ ಎರಡನೆಯ ಶತಮಾನದವನು, ಮಹಾಮೇಧಾವಿ. ಯೌವನದಲ್ಲಿ ಖಡ್ಗಮಲ್ಲರ ಗಾಯಗಳಿಗೆ ಚಿಕಿತ್ಸೆ ಮಾಡಿ, ಮುಂದೆ ರೋಮಿನಲ್ಲಿ ಸಾಮ್ರಾಟರ ವೈದ್ಯನಾದವನು. ಆದರೆ ಅವನ ಕಾಲದ ರೋಮಿನಲ್ಲಿ ಮನುಷ್ಯನ ಶವವನ್ನು ಕೊಯ್ದು ನೋಡುವುದಕ್ಕೆ ಅವಕಾಶವಿರಲಿಲ್ಲ. ಆದಕಾರಣ ಅವನು ಕೋತಿ, ಹಂದಿ, ನಾಯಿ ಮೊದಲಾದ ಪ್ರಾಣಿಗಳನ್ನು ಸೀಳಿ ನೋಡಿ, ಮನುಷ್ಯನ ದೇಹವೂ ಹಾಗೆಯೇ ಇರಬೇಕೆಂದು ಭಾವಿಸಿ ಗ್ರಂಥಗಳನ್ನು ರಚಿಸಿದನು. ಸಾವಿರದ ಮುನ್ನೂರು ವರ್ಷಗಳಿಗೂ ಮಿಗಿಲಾಗಿ ಆ ಗ್ರಂಥಗಳನ್ನೇ ವಿದ್ವಾಂಸರು ಓದಿದರು, ಓದಿಸಿದರು, ವ್ಯಾಖ್ಯಾನಿಸಿದರು. ಅದಕ್ಕೆ ಎಷ್ಟೋ ಹಿಂದೆ ಭಾರತದಲ್ಲಿ ಸುಶ್ರುತನ ಸಂಹಿತೆಯು, ಶಸ್ತ್ರವೈದ್ಯನಾಗುವವನು ಮೃತದೇಹವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಪದರಪದರವಾಗಿ ತೆಗೆದು, ಅಂಗಗಳನ್ನು ಕಣ್ಣಾರೆ ಕಾಣಬೇಕೆಂದು ವಿಧಿಸಿತ್ತು. ಆ ವಿವೇಕವು ಕಾಲಕ್ರಮದಲ್ಲಿ ಇಲ್ಲಿಯೂ ಮಸುಕಾಯಿತು. ಅಲ್ಲಿಯಂತೂ ಪುಸ್ತಕವು ಕಣ್ಣಿನ ಜಾಗವನ್ನೇ ಆಕ್ರಮಿಸಿತ್ತು.

ಹದಿನಾರನೆಯ ಶತಮಾನದ ವೇಳೆಗೆ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ವರ್ಷಕ್ಕೆ ಒಂದೋ ಎರಡೋ ಶವಗಳನ್ನು ಕೊಯ್ದು ತೋರಿಸುವ ರೂಢಿಯೇನೋ ಬಂದಿತ್ತು. ಆದರೆ ಪ್ರಾಧ್ಯಾಪಕನು ಎತ್ತರದ ಪೀಠದ ಮೇಲೆ ಕುಳಿತು ಗೇಲನ್ನನ ಗ್ರಂಥವನ್ನು ಓದುತ್ತಿದ್ದನು. ಕೆಳಗೆ ಕ್ಷೌರಿಕನೊಬ್ಬನು ಶವವನ್ನು ಕೊಯ್ಯುತ್ತಿದ್ದನು. ಮತ್ತೊಬ್ಬನು ಕೋಲಿನಿಂದ ಅಂಗಗಳನ್ನು ತೋರಿಸುತ್ತಿದ್ದನು. ಓದುವವನು ಶವವನ್ನು ಮುಟ್ಟುತ್ತಿರಲಿಲ್ಲ. ಕೊಯ್ಯುವವನಿಗೆ ಓದಿದ ಲ್ಯಾಟಿನ್ ತಿಳಿಯುತ್ತಿರಲಿಲ್ಲ. ಬೇಗ ಕೊಳೆಯುವ ಹೊಟ್ಟೆಯ ಭಾಗವನ್ನು ಮೊದಲು ಕೊಯ್ದು, ಅನಂತರ ಎದೆ, ತಲೆಗಳನ್ನು ತೆರೆದು, ಕೈಕಾಲುಗಳನ್ನು ಕೊನೆಗೆ ಮುಟ್ಟುವುದು ವಾಡಿಕೆ. ಕಾಲಿನ ಸರದಿ ಬರುವ ಹೊತ್ತಿಗೆ ದುರ್ಗಂಧವು ತುಂಬಿ, ಎಲ್ಲರಿಗೂ ಕೆಲಸ ಮುಗಿದರೆ ಸಾಕೆನಿಸುತ್ತಿತ್ತು.

ಪ್ಯಾರಿಸ್ಸಿನಲ್ಲಿ ವೆಸೇಲಿಯಸ್ಸನಿಗೆ ದೊರೆತ ಗುರುಗಳಲ್ಲಿ ಪ್ರಸಿದ್ಧನಾದವನು ಸಿಲ್ವಿಯಸ್. ಅವನು ಗೇಲನ್ನನ ಪರಮಭಕ್ತ. ಗುರುಗಳ ಪಾಂಡಿತ್ಯವನ್ನು ವೆಸೇಲಿಯಸ್ಸನು ಗೌರವಿಸಿದನು; ಆದರೆ ಅಷ್ಟರಿಂದ ಅವನಿಗೆ ತೃಪ್ತಿಯಾಗಲಿಲ್ಲ. ಕ್ಷೌರಿಕರ ಒರಟು ಕೆಲಸವನ್ನು ಸಹಿಸಲಾರದೆ ತಾನೇ ಕತ್ತಿಯನ್ನು ಕೈಗೆ ತೆಗೆದುಕೊಂಡನು. ನಗರದ ಹಳೆಯ ಸ್ಮಶಾನದಲ್ಲಿ ರಾಶಿಬಿದ್ದಿದ್ದ ಮೂಳೆಗಳ ನಡುವೆ ಗಂಟೆಗಟ್ಟಲೆ ಕುಳಿತು ಅಭ್ಯಾಸ ಮಾಡಿದನು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಸಿಕ್ಕ ಮೂಳೆ ಯಾವುದೆಂದು ಮುಟ್ಟಿಯೇ ಹೇಳುವಷ್ಟು ಅವನಿಗೆ ಪರಿಣತಿ ಬಂದಿತು.

1536ರಲ್ಲಿ ಫ್ರಾನ್ಸಿಗೂ ಚಕ್ರವರ್ತಿ ಚಾರ್ಲ್ಸನಿಗೂ ಯುದ್ಧವಾದುದರಿಂದ ಅವನು ಲೂವೆನ್ನಿಗೆ ಮರಳಬೇಕಾಯಿತು. ಅಲ್ಲಿ ಒಂದು ದಿನ ಸ್ನೇಹಿತನೊಡನೆ ಊರ ಹೊರಗೆ ತಿರುಗಾಡುತ್ತಿದ್ದಾಗ, ಮರಣದಂಡನೆಗೆ ಗುರಿಯಾದ ಅಪರಾಧಿಯೊಬ್ಬನ ಅಸ್ಥಿಪಂಜರವು ವಧಸ್ಥಾನದಲ್ಲಿ ಸರಪಳಿಗೆ ಕಟ್ಟಿದಂತೆಯೇ ನಿಂತಿರುವುದು ಕಂಡಿತು. ಹಕ್ಕಿಗಳು ಮಾಂಸವನ್ನೆಲ್ಲ ತಿಂದುಹಾಕಿದ್ದವು. ವೆಸೇಲಿಯಸ್ಸನು ಮೊದಲು ಕೈಕಾಲುಗಳ ಮೂಳೆಗಳನ್ನು ಬಿಡಿಸಿಕೊಂಡು ಗುಟ್ಟಾಗಿ ಮನೆಗೆ ಸಾಗಿಸಿದನು. ಉಳಿದುದನ್ನು ತರುವುದಕ್ಕಾಗಿ, ಸಂಜೆ ಕೋಟೆಯ ಬಾಗಿಲು ಮುಚ್ಚಿದ ಮೇಲೂ ಊರ ಹೊರಗೇ ಉಳಿದು, ಕತ್ತಲೆಯಲ್ಲಿ ಒಬ್ಬನೇ ಆ ವಧಸ್ಥಂಭವನ್ನು ಹತ್ತಿದನು. ಕೈ ಮತ್ತು ಪಾದಗಳ ಕೆಲವು ಮೂಳೆಗಳು ಸಿಗಲಿಲ್ಲ; ಅವುಗಳನ್ನು ಬೇರೆಡೆಯಿಂದ ಹುಡುಕಿ ತಂದು ಪಂಜರವನ್ನು ಪೂರ್ಣಗೊಳಿಸಿದನು. ಸತ್ತವನ ಒಪ್ಪಿಗೆಯಾಗಲಿ, ಅವನ ಬಂಧುಗಳ ಒಪ್ಪಿಗೆಯಾಗಲಿ ಇಲ್ಲದೆ ನಡೆದ ಈ ಕಾರ್ಯವನ್ನು ಇಂದಿನ ನ್ಯಾಯವು ಒಪ್ಪುವುದಿಲ್ಲ. ಜ್ಞಾನದ ದಾಹವು ಆ ಯುವಕನನ್ನು ಎಂತಹ ಸಾಹಸಕ್ಕೆ ದೂಡಿತೆಂಬುದಕ್ಕೂ, ಆ ಜ್ಞಾನಕ್ಕೆ ಬೆಲೆ ತೆತ್ತವರು ಯಾರೆಂಬುದಕ್ಕೂ ಈ ಘಟನೆಯು ಸಾಕ್ಷಿಯಾಗಿದೆ.

ಮರುವರ್ಷ ಅವನು ಇಟಲಿಯ ಪಾದುವಾ ವಿಶ್ವವಿದ್ಯಾಲಯಕ್ಕೆ ಬಂದನು. 1537ರ ಡಿಸೆಂಬರ್ 5ರಂದು ವೈದ್ಯ ಪದವಿಯನ್ನು ಪಡೆದನು. ಮರುದಿನವೇ ಶಸ್ತ್ರವೈದ್ಯದ ಅಧ್ಯಾಪಕನಾಗಿ ನೇಮಕಗೊಂಡನು. ಆಗ ಅವನಿಗೆ ಇಪ್ಪತ್ಮೂರು ವರ್ಷವೂ ತುಂಬಿರಲಿಲ್ಲ. ಪೀಠದಿಂದ ಕೆಳಗಿಳಿದು ಬಂದು, ಒಂದು ಕೈಯಲ್ಲಿ ಕತ್ತಿಯನ್ನು ಹಿಡಿದು, ತಾನೇ ಕೊಯ್ಯುತ್ತ, ತಾನೇ ತೋರಿಸುತ್ತ, ತಾನೇ ವಿವರಿಸುತ್ತ ಅವನು ಪಾಠ ಮಾಡತೊಡಗಿದನು. ವಿದ್ಯಾರ್ಥಿಗಳು ಶವದ ಸುತ್ತ ಕಿಕ್ಕಿರಿದು ನೆರೆದರು. ಅವನ ಪಾಠದ ಕೀರ್ತಿಯನ್ನು ಕೇಳಿದ ನ್ಯಾಯಾಧೀಶನೊಬ್ಬನು ಮರಣದಂಡನೆಗೆ ಒಳಗಾದವರ ಶವಗಳು ಅವನಿಗೆ ದೊರೆಯುವಂತೆ ಏರ್ಪಡಿಸಿದನು.

ಹೀಗೆ ದೇಹಗಳನ್ನು ಮತ್ತೆ ಮತ್ತೆ ಪರೀಕ್ಷಿಸುವವನಿಗೆ ಮೊಣಕಾಲಿನ ಕೆಳಗೆ ಒಂದು ಅದ್ಭುತ ವ್ಯವಸ್ಥೆಯೇ ಗೋಚರಿಸುತ್ತದೆ. ಮೀನಖಂಡದ ಮೇಲ್ಪದರದ ಸ್ನಾಯುವು ತೊಡೆಯ ಮೂಳೆಯ ಕೆಳತುದಿಯಲ್ಲಿ ಎರಡು ಕವಲುಗಳಾಗಿ ಹುಟ್ಟುತ್ತದೆ. ಅದರ ಅಡಿಯಲ್ಲಿ ಕಣಕಾಲಿನ ಎರಡು ಮೂಳೆಗಳಿಂದ ಹೊರಟ ಚಪ್ಪಟೆಯಾದ ಇನ್ನೊಂದು ಸ್ನಾಯುವಿದೆ. ಎರಡೂ ಕೆಳಗಿಳಿದು ಒಂದೇ ದಪ್ಪ ರಜ್ಜುವಾಗಿ ಹಿಮ್ಮಡಿಯ ಮೂಳೆಗೆ ಅಂಟಿಕೊಳ್ಳುತ್ತವೆ. ಇವು ಕುಗ್ಗಿದಾಗ ಹಿಮ್ಮಡಿಯು ಮೇಲೇಳುತ್ತದೆ; ಮನುಷ್ಯನು ಮುಂದಿನ ಹೆಜ್ಜೆಯನ್ನಿಡುತ್ತಾನೆ. ಕಣಕಾಲಿನ ಮುಂಬದಿಯ ಸ್ನಾಯುಗಳು ಪಾದವನ್ನೂ ಬೆರಳುಗಳನ್ನೂ ಮೇಲಕ್ಕೆತ್ತುತ್ತವೆ. ಅವು ಸೋತರೆ ನಡೆಯುವಾಗ ಕಾಲ್ಬೆರಳುಗಳು ನೆಲವನ್ನು ಉಜ್ಜುತ್ತವೆ. ಹೊರಬದಿಯ ಸ್ನಾಯುಗಳು ಅಂಗಾಲನ್ನು ಹೊರಕ್ಕೆ ತಿರುಗಿಸುತ್ತವೆ. ಮೀನಖಂಡದ ಆಳದಲ್ಲಿ ಅಡಗಿರುವ ಮೂರು ಸ್ನಾಯುಗಳ ರಜ್ಜುಗಳು ಒಳಗಣ್ಣಿನ, ಅಂದರೆ ಕಾಲಿನ ಒಳಗಂಟಿನ, ಹಿಂದೆ ಹಾದು ಅಂಗಾಲನ್ನು ಸೇರಿ, ಬೆರಳುಗಳನ್ನು ಮಡಿಸುತ್ತವೆ. ಪಾದದ ಕಮಾನನ್ನು ಎತ್ತಿ ಹಿಡಿಯುತ್ತವೆ. ಅಂಗಾಲಿನಲ್ಲಿಯೇ ಚಿಕ್ಕ ಸ್ನಾಯುಗಳು ನಾಲ್ಕು ಪದರಗಳಾಗಿ ಹಾಸಿಕೊಂಡಿವೆ.

ಮನುಷ್ಯನ ಕಾಲಿಗೂ ಕೋತಿಯ ಕಾಲಿಗೂ ಇರುವ ವ್ಯತ್ಯಾಸವು ಇಲ್ಲಿ ಸ್ಪಷ್ಟವಾಗುತ್ತದೆ. ಮೀನಖಂಡದ ಎರಡು ಪದರಗಳ ನಡುವೆ ಪ್ಲಾಂಟಾರಿಸ್ ಎಂಬ ಸಣ್ಣ ಸ್ನಾಯುವೊಂದಿದೆ. ಆ ಲ್ಯಾಟಿನ್ ಹೆಸರಿಗೆ ಅಂಗಾಲಿಗೆ ಸೇರಿದುದು ಎಂದರ್ಥ. ಕೋತಿಯಲ್ಲಿ ಅದರ ರಜ್ಜುವು ಹಿಮ್ಮಡಿಯನ್ನು ದಾಟಿ ಅಂಗಾಲಿನಲ್ಲಿ ಹರಡಿಕೊಳ್ಳುತ್ತದೆ. ನೆಟ್ಟಗೆ ನಿಂತು ಹಿಮ್ಮಡಿಯೂರಿ ನಡೆಯುವ ಮನುಷ್ಯನಲ್ಲಿಯಾದರೋ ಅದು ಹಿಮ್ಮಡಿಯ ಬಳಿಯೇ ಮುಗಿದುಹೋಗುತ್ತದೆ. ಕೆಲವರಲ್ಲಿ ಆ ಸ್ನಾಯುವೇ ಇರುವುದಿಲ್ಲ. ಕೋತಿಯನ್ನು ನೋಡಿ ಮನುಷ್ಯನನ್ನು ವರ್ಣಿಸುವವನು ಎಲ್ಲಿ ಎಡವುತ್ತಾನೆಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ವೆಸೇಲಿಯಸ್ಸನೂ ಇಂತಹ ವ್ಯತ್ಯಾಸಗಳನ್ನು ಒಂದೊಂದಾಗಿ ಗುರುತಿಸುತ್ತ ಹೋದನು. 1540ರಲ್ಲಿ ಬೊಲೋನ್ಯ ನಗರದ ಸಭೆಯಲ್ಲಿ ಮನುಷ್ಯನ ಅಸ್ಥಿಪಂಜರವನ್ನೂ ಕೋತಿಯ ಅಸ್ಥಿಪಂಜರವನ್ನೂ ಅಕ್ಕಪಕ್ಕದಲ್ಲಿರಿಸಿ, ಗೇಲನ್ನನ ವರ್ಣನೆಯು ಯಾವುದಕ್ಕೆ ಹೊಂದುತ್ತದೆಂಬುದನ್ನು ಎಲ್ಲರೆದುರು ತೋರಿಸಿದನು. ಮನುಷ್ಯನ ಕೆಳದವಡೆಯು ಗೇಲನ್ನನು ಹೇಳಿದಂತೆ ಎರಡು ಮೂಳೆಗಳಲ್ಲ, ಒಂದೇ ಎಂದು ಸಿದ್ಧಪಡಿಸಿದನು. ಎದೆಯ ನಡುಮೂಳೆಯಲ್ಲಿ ಏಳು ಭಾಗಗಳಿಲ್ಲ, ಮೂರೇ ಇವೆ ಎಂದು ತೋರಿಸಿದನು.

ಈ ಪರಿಶ್ರಮದ ಫಲವಾಗಿ 1543ರಲ್ಲಿ ಮಾನವದೇಹದ ರಚನೆಯನ್ನು ಕುರಿತ ಅವನ ಮಹಾಗ್ರಂಥವು ಪ್ರಕಟವಾಯಿತು. ಲ್ಯಾಟಿನ್ ಹೆಸರಿನಿಂದ ಅದನ್ನು ಫ್ಯಾಬ್ರಿಕಾ ಎಂದು ಕರೆಯುವುದುಂಟು. ಅದರ ಚಿತ್ರಗಳನ್ನು ಕೊರೆದ ಮರದ ಅಚ್ಚುಗಳನ್ನು ಇಟಲಿಯಿಂದ ಆಲ್ಪ್ಸ್ ಪರ್ವತಗಳನ್ನು ದಾಟಿಸಿ ಬಾಸೆಲ್ ನಗರದ ಮುದ್ರಣಾಲಯಕ್ಕೆ ಸಾಗಿಸಲಾಯಿತು. ಏಳು ಭಾಗಗಳ ಆ ಗ್ರಂಥದಲ್ಲಿ ಆರುನೂರಕ್ಕೂ ಹೆಚ್ಚು ಪುಟಗಳಿವೆ. ಮೊದಲನೆಯ ಭಾಗ ಮೂಳೆಗಳಿಗೆ ಮೀಸಲು, ಎರಡನೆಯದು ಸ್ನಾಯುಗಳಿಗೆ. ಸ್ನಾಯುಗಳ ಚಿತ್ರಗಳು ಲೋಕಪ್ರಸಿದ್ಧವಾದವು. ಬೆಟ್ಟಗುಡ್ಡಗಳ, ಊರುಗಳ ಹಿನ್ನೆಲೆಯಲ್ಲಿ ಚರ್ಮವಿಲ್ಲದ ಮನುಷ್ಯನೊಬ್ಬನು ನಿಂತಿದ್ದಾನೆ. ಪುಟ ಮಗುಚಿದಂತೆಲ್ಲ ಅವನ ಸ್ನಾಯುಗಳು ಒಂದೊಂದೇ ಪದರವಾಗಿ ಕಳಚಿಕೊಂಡು, ಒಳಗಿನವು ಬೆಳಕಿಗೆ ಬರುತ್ತವೆ. ಹಿಂದೆ ಪಾಠದ ಕೊನೆಯಲ್ಲಿ ಅವಸರಕ್ಕೆ ಸಿಕ್ಕಿ ನಲುಗುತ್ತಿದ್ದ ಕಾಲಿಗೂ ಪಾದಕ್ಕೂ ಇಲ್ಲಿ ದೇಹದ ಇತರ ಭಾಗಗಳಿಗೆ ಸಲ್ಲುವಷ್ಟೇ ಗಮನವು ಸಂದಿತು. ಆಗ ವೆಸೇಲಿಯಸ್ಸನಿಗೆ ಕೇವಲ ಇಪ್ಪತ್ತೆಂಟು ವರ್ಷ. ಭೂಮಿಯು ಸೂರ್ಯನನ್ನು ಸುತ್ತುತ್ತದೆಂದು ಸಾರಿದ ಕೊಪರ್ನಿಕಸ್ಸನ ಗ್ರಂಥವು ಹೊರಬಂದುದೂ ಅದೇ ವರ್ಷ.

ಸತ್ಯವನ್ನು ಕಂಡವನಿಗೆ ಸನ್ಮಾನವೇ ದೊರೆಯಬೇಕೆಂಬ ನಿಯಮವಿಲ್ಲ. ಗುರುವಾದ ಸಿಲ್ವಿಯಸ್ಸನೇ ಅವನ ಮೇಲೆ ಕೆಂಡಕಾರಿದನು. 1551ರಲ್ಲಿ ಅವನನ್ನು ಹುಚ್ಚನೆಂದು ಹಳಿದು ಪುಸ್ತಕವನ್ನೇ ಬರೆದನು. ಗೇಲನ್ನನು ತಪ್ಪುವುದುಂಟೇ, ಅವನ ಕಾಲದಿಂದೀಚೆಗೆ ಮನುಷ್ಯನ ದೇಹವೇ ಬದಲಾಗಿದೆ ಎಂಬುದು ಅವನ ವಾದ. ಬಾಗಿದ್ದ ತೊಡೆಯ ಮೂಳೆಗಳು ಬಿಗಿಯಾದ ಷರಾಯಿ ತೊಟ್ಟು ನೆಟ್ಟಗಾದವೆಂದು ಕೂಡ ಅವನು ಸಮರ್ಥಿಸಿದನಂತೆ. ಪುಸ್ತಕವನ್ನು ಉಳಿಸುವುದಕ್ಕಾಗಿ ಕಾಲನ್ನೇ ತಿದ್ದಲು ಹೊರಟ ಈ ಪಾಂಡಿತ್ಯಕ್ಕೆ ಏನೆನ್ನಬೇಕು! ಟೀಕೆಗಳಿಂದ ನೊಂದ ವೆಸೇಲಿಯಸ್ಸನು ಅಚ್ಚಾಗದೆ ಉಳಿದಿದ್ದ ತನ್ನ ಟಿಪ್ಪಣಿಗಳನ್ನು ಬೆಂಕಿಗೆ ಹಾಕಿ, ಅಧ್ಯಾಪನವನ್ನು ತೊರೆದು, ಚಕ್ರವರ್ತಿಯ ಆಸ್ಥಾನವೈದ್ಯನಾದನು. ಅನಂತರ ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನ ಸೇವೆಯಲ್ಲಿದ್ದನು. ಅಲ್ಲಿ ಅಭ್ಯಾಸಕ್ಕೆ ಒಂದು ತಲೆಬುರುಡೆಯೂ ಸಿಗದೆಂದು ಅವನು ಹಲುಬಿದುದುಂಟು.

ಅವನ ಗ್ರಂಥವೂ ದೋಷರಹಿತವಲ್ಲ. ಅದರಲ್ಲಿರುವ ಮೂತ್ರಪಿಂಡದ ಚಿತ್ರವು ನಾಯಿಯದು. ಆದರೆ 1555ರಲ್ಲಿ ಗ್ರಂಥದ ಎರಡನೆಯ ಆವೃತ್ತಿಯನ್ನು ತಂದಾಗ ಅವನು ತನ್ನ ಬರಹವನ್ನು ತಾನೇ ತಿದ್ದಿದನು. ಇಟಲಿಯ ಫಲ್ಲೋಪಿಯೋ ಎಂಬ ಕಿರಿಯ ವಿದ್ವಾಂಸನು 1561ರಲ್ಲಿ ತನ್ನ ತಪ್ಪುಗಳನ್ನು ಎತ್ತಿ ತೋರಿಸಿದಾಗ ಸಿಲ್ವಿಯಸ್ಸನಂತೆ ಸಿಡುಕದೆ, ಸೌಜನ್ಯದಿಂದ ಉತ್ತರ ಬರೆದನು. ತಾನು ಗೇಲನ್ನನಿಗೆ ಮಾಡಿದುದನ್ನು ಮುಂದಿನವರು ತನಗೆ ಮಾಡುವುದು ನ್ಯಾಯವೆಂಬುದನ್ನು ಅವನು ಅರಿತಿದ್ದನು.

1564ರಲ್ಲಿ ವೆಸೇಲಿಯಸ್ಸನು ಜೆರುಸಲೇಮಿಗೆ ಯಾತ್ರೆ ಹೋದನು. ಮರಳಿ ಬರುವಾಗ ಗ್ರೀಸಿನ ಜಾಕಿಂತೋಸ್ ದ್ವೀಪದಲ್ಲಿ, ತನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದನು. ಅವನ ಗ್ರಂಥದ ಮರದ ಅಚ್ಚುಗಳು ನಾಲ್ಕು ಶತಮಾನಗಳ ಕಾಲ ಉಳಿದಿದ್ದು, ಎರಡನೆಯ ಮಹಾಯುದ್ಧದ ಬಾಂಬುದಾಳಿಯಲ್ಲಿ ಮ್ಯೂನಿಕ್ ನಗರದಲ್ಲಿ ಸುಟ್ಟುಹೋದವು. ಆದರೆ ಅವನು ತೆರೆದ ದಾರಿಯು ಉಳಿಯಿತು.

1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದು ನೆಲೆಸಿದ ಮೈಸೂರು ವೈದ್ಯಕೀಯ ಕಾಲೇಜಿನಂತಹ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳು ಇಂದಿಗೂ ದೇಹವನ್ನು ತಮ್ಮ ಕೈಯಾರೆ ಬಿಡಿಸಿ ಕಲಿಯುತ್ತಾರೆ. ವಧಸ್ಥಂಭದಿಂದ ಕದ್ದು ತರುವ ಕಾಲವು ಕಳೆದುಹೋಗಿದೆ. ಮರಣಾನಂತರ ತಮ್ಮ ದೇಹವು ವಿದ್ಯೆಗೆ ನೆರವಾಗಲೆಂದು ಸ್ವಸಂತೋಷದಿಂದ ದಾನ ಮಾಡುವವರಿದ್ದಾರೆ. ಆ ದೇಹವನ್ನು ಮೊದಲ ಗುರುವೆಂದು ಬಗೆದು, ಗೌರವದಿಂದ ಕಾಣುವ ಪ್ರತಿಜ್ಞೆಯನ್ನು ವಿದ್ಯಾರ್ಥಿಗಳು ಸ್ವೀಕರಿಸುವ ಪದ್ಧತಿಯೂ ಬಂದಿದೆ. ಮುರಿದ ಕಣಕಾಲನ್ನು ಕೂಡಿಸುವ, ಕಡಿದ ಹಿಮ್ಮಡಿಯ ರಜ್ಜುವನ್ನು ಹೊಲಿಯುವ ವೈದ್ಯನ ಕೈಯಲ್ಲಿ ಆ ದಾನಿಗಳ ಉಪಕಾರವೂ ಇದೆ; ಹೆಸರಿಲ್ಲದೆ ಹೋದ ಆ ಹಳೆಯ ಕಾಲದ ಮೃತರ ಋಣವೂ ಇದೆ; ಪೀಠದಿಂದ ಇಳಿದು ಬಂದು ಕಣ್ಣಾರೆ ಕಂಡು ತಿಳಿಯಬೇಕೆಂದು ತೋರಿಸಿಕೊಟ್ಟ ವೆಸೇಲಿಯಸ್ಸನ ಪಾಠವೂ ಇದೆ.